ಎರಡನೇ ಕ್ಲಾಸಿನ ವರ್ಷ: ಐರ್ಲೆಂಡಿಗೆ ಬರುತ್ತಿರುವ ತಂಗಿಗೆ

ತಂಗಿ,

ಗೋಣಿಕೊಪ್ಪದಿಂದ ನೀನು ಕೇಳಿರುವುದು ಇಷ್ಟು. ನರ್ಸ್ ಕೆಲಸಕ್ಕೆ ಲಿಮರಿಕ್‌ಗೆ ಬರುತ್ತಿದ್ದೀಯ. ಏಳು ವರ್ಷದ ಮಗಳಿಗೆ ಅಲ್ಲಿನ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ಸೀಟು ಸಿಕ್ಕಿದೆ. ಸೆಪ್ಟೆಂಬರಿನಿಂದ ಎರಡನೇ ಕ್ಲಾಸು. ಹೋಂವರ್ಕ್ ಎಷ್ಟಿರುತ್ತದೆ, ಟ್ಯೂಷನ್ ಬೇಕಾ, ಐರಿಷ್ ಭಾಷೆ ಕಷ್ಟವಾ, ಧರ್ಮದ ಪುಸ್ತಕವನ್ನೂ ಓದಿಸಬೇಕಾ, ನಾಲ್ಕು ವರ್ಷ ಬಿಟ್ಟು ಊರಿಗೆ ವಾಪಸ್ ಬಂದರೆ ಮಗಳು ಹಿಂದೆ ಬೀಳುತ್ತಾಳಾ ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಕೆಲವು ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಆದರೆ ಆ ಎರಡನೇ ಕ್ಲಾಸಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಹೋಂವರ್ಕ್ ಕಡಿಮೆ. ಸಾಮಾನ್ಯವಾಗಿ ಸೋಮವಾರದಿಂದ ಗುರುವಾರದವರೆಗೆ ಇರುತ್ತದೆ, ಶುಕ್ರವಾರ ಇರುವುದಿಲ್ಲ. ಒಂದೆರಡು ಪುಟ ಓದು, ನಾಲ್ಕೈದು ಸ್ಪೆಲ್ಲಿಂಗ್, ಒಂದಿಷ್ಟು ಮಗ್ಗಿ, ಐರಿಷ್‌ನಲ್ಲಿ ಎರಡು ಸಾಲು. ಆ ವಯಸ್ಸಿಗೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಇಡೀ ದೇಶಕ್ಕೆ ಒಂದೇ ನಿಯಮ ಅಂತ ಇಲ್ಲ, ಪ್ರತಿ ಶಾಲೆಯೂ ತನ್ನದೇ ಪದ್ಧತಿ ಮಾಡಿಕೊಳ್ಳುತ್ತದೆ. 2023ರ ಜನವರಿಯಲ್ಲಿ ಆಗಿನ ಅಧ್ಯಕ್ಷ ಮೈಕೆಲ್ ಡಿ. ಹಿಗ್ಗಿನ್ಸ್ ಅವರೇ ಶಾಲೆಯ ಕೆಲಸ ಶಾಲೆಯಲ್ಲೇ ಮುಗಿಯಬೇಕು, ಮನೆಯ ಹೊತ್ತು ಮಕ್ಕಳಿಗೆ ಬೇರೆ ವಿಷಯಗಳಿಗೆ ಸಿಗಬೇಕು ಎಂದು ಹೇಳಿದ್ದರು.

ನಾವು ಇದೇ ದೇಶದ ಕಾರ್ಕ್ ಊರಿಗೆ ಬಂದದ್ದು ನವೆಂಬರಿನಲ್ಲಿ. ಸಂಜೆ ಐದಕ್ಕೆ ಮೊದಲೇ ಕತ್ತಲು. ಮಗಳ ಬ್ಯಾಗ್ ಎತ್ತಿ ನೋಡಿದರೆ ಏನೂ ಭಾರವಿಲ್ಲ. ಇದು ಎಂಥಾ ಶಾಲೆ, ಇವರು ಏನು ಕಲಿಸುತ್ತಾರೆ ಅಂತ ಭಯವಾಯಿತು. ನನಗೆ ಗೊತ್ತಿದ್ದದ್ದು ವಿರಾಜಪೇಟೆಯ ಕಾನ್ವೆಂಟ್. ಜೂನ್ ಜುಲೈ ಮಳೆಯಲ್ಲಿ ಕರೆಂಟ್ ಹೋಗುತ್ತಿತ್ತು, ಚಿಮಣಿ ದೀಪದ ಪಕ್ಕ ಕೂತು ಕಾಪಿ ಬರೆಯುತ್ತಿದ್ದೆವು. ಬರೆದು ಮುಗಿಸದೆ ಮಲಗಿದ್ದೇ ಇಲ್ಲ. ಮಳೆ ರಜೆ ಕೊಟ್ಟರೂ ಸಿಸ್ಟರ್ ಕೊಟ್ಟ ಕೆಲಸಕ್ಕೆ ರಜೆ ಇರಲಿಲ್ಲ. ಆ ಅಭ್ಯಾಸದ ಬಗ್ಗೆ ಇವತ್ತಿಗೂ ನನಗೆ ಹೆಮ್ಮೆ ಇದೆ. ಇಲ್ಲಿನ ಆಸ್ಪತ್ರೆಗಳಲ್ಲಿ, ಕಂಪನಿಗಳಲ್ಲಿ ನಮ್ಮವರು ಗಟ್ಟಿಯಾಗಿ ನಿಂತಿರುವುದು ಅದರಿಂದಲೇ.

ಶಾಲೆಯಿಂದ ಒಂದು ಹೋಂವರ್ಕ್ ಡೈರಿ ಕೊಡುತ್ತಾರೆ. ದಿನಾ ನೀನು ಸಹಿ ಹಾಕಬೇಕು. ನಮ್ಮಲ್ಲಿ ಡೈರಿಗೆ ಸಹಿ ಅಂದರೆ ಬೆಳಗ್ಗೆ ಜೀಪ್ ಹತ್ತುವಾಗ ಅಪ್ಪ ಗೀಚುವುದು, ಅಲ್ವಾ? ಇಲ್ಲಿ ಅದನ್ನು ಟೀಚರ್ ಓದುತ್ತಾರೆ. ಮಗು ಅರ್ಧ ಗಂಟೆ ಕೂತರೂ ಮುಗಿಯಲಿಲ್ಲವಾ, ನಿಲ್ಲಿಸಿಬಿಡು. "ಇಲ್ಲಿಯವರೆಗೆ ಮಾಡಿದಳು, ಕಳೆಯುವ ಲೆಕ್ಕ ಅರ್ಥವಾಗಿಲ್ಲ" ಅಂತ ಡೈರಿಯಲ್ಲಿ ಬರೆ. ಅದು ನಾಚಿಕೆಯ ವಿಷಯ ಅಲ್ಲ. ಉಳಿದದ್ದನ್ನು ನೀನೇ ಹೇಳಿಕೊಟ್ಟು ತುಂಬಿಸಿ ಕಳಿಸಿದರೆ ಮಗುವಿಗೆ ಏನು ಬರುವುದಿಲ್ಲ ಅಂತ ಟೀಚರ್‌ಗೆ ಗೊತ್ತೇ ಆಗುವುದಿಲ್ಲ. ಟ್ಯೂಷನ್ ಈ ವಯಸ್ಸಿಗೆ ಬೇಡವೇ ಬೇಡ.

ಐರಿಷ್‌ಗೆ ಹೆದರಬೇಡ. ಏಳು ವರ್ಷಕ್ಕೆ ಬಂದವರು ಕಲಿಯಲೇಬೇಕು. ಬೇರೆ ದೇಶದಿಂದ ಬಂದ ಕಾರಣಕ್ಕೆ ವಿನಾಯಿತಿ ಸಿಗುವುದು ಹನ್ನೆರಡು ದಾಟಿ ಬಂದವರಿಗೆ. ಮನೆಯಲ್ಲಿ ಕೊಡವ ತಕ್ಕ್, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡಿ ಬೆಳೆದ ಮಗುವಿಗೆ ಇನ್ನೊಂದು ಭಾಷೆ ದೊಡ್ಡದಲ್ಲ. ಉಚ್ಚಾರ ಕೇಳಿಸುವ ಉಚಿತ ನಿಘಂಟು ನೆಟ್‌ನಲ್ಲಿ ಸಿಗುತ್ತದೆ, ಸಾಕು.

ಇನ್ನು ಧರ್ಮದ ಪುಸ್ತಕ.

ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕ್ಯಾಥೊಲಿಕ್ ಶಾಲೆಗಳೇ. ಟೀಚರ್‌ಗಳ ಸಂಬಳ ಸರ್ಕಾರದ್ದು, ಶಾಲೆಯ ಹೊಣೆ ಚರ್ಚಿನದ್ದು. ಹಾಗಾಗಿ ನಿನ್ನ ಮಗಳಿಗೆ ಇಂಥ ಶಾಲೆ ಸಿಕ್ಕಿದ್ದರಲ್ಲಿ ವಿಶೇಷ ಏನಿಲ್ಲ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿಲ್ಲ ಅಂತ ಸೀಟಿನಲ್ಲಿ ಹಿಂದೆ ತಳ್ಳುವುದನ್ನು ಈ ಶಾಲೆಗಳಲ್ಲಿ 2018ರ ಕಾನೂನು ನಿಲ್ಲಿಸಿದೆ. ಧರ್ಮದ ಪಾಠಕ್ಕೆ ಕೂರಿಸಬೇಡಿ ಅಂತ ಕೇಳುವ ಹಕ್ಕು ಸಂವಿಧಾನದಲ್ಲೇ ಇದೆ. ಬರೆದು ಕೊಟ್ಟರೆ ಸಾಕು. ಆದರೆ ಬೇರೆ ಕೋಣೆ, ಬೇರೆ ಟೀಚರ್ ಸಾಮಾನ್ಯವಾಗಿ ಇರುವುದಿಲ್ಲ. ಮಗು ಅದೇ ಕ್ಲಾಸಿನಲ್ಲಿ ಕೂತು ಚಿತ್ರಕ್ಕೆ ಬಣ್ಣ ಹಾಕುತ್ತದೆ, ಇಲ್ಲವೇ ಬೇರೆ ಪುಸ್ತಕ ಓದುತ್ತದೆ. ಕಿವಿಗೆ ಎಲ್ಲವೂ ಬೀಳುತ್ತದೆ.

ಬೇರೆ ಕ್ಲಾಸುಗಳಲ್ಲಿ ಇದು ದಿನಕ್ಕೆ ಅರ್ಧ ಗಂಟೆಯ ವಿಷಯ. ಕಥೆ, ಹಾಡು, ಚಿತ್ರ. ಎರಡನೇ ಕ್ಲಾಸು ಹಾಗಲ್ಲ. ಅದು ಫಸ್ಟ್ ಕಮ್ಯುನಿಯನ್ ವರ್ಷ, ನಮ್ಮ ಕಡೆಯ ಚರ್ಚುಗಳಲ್ಲಿ ಮೊದಲ ಪರಮಪ್ರಸಾದ ಅನ್ನುತ್ತಾರಲ್ಲ, ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ಸಂಸ್ಕಾರ, ಅದು. ಅದಕ್ಕೆ ಮೊದಲು ಪಾಪನಿವೇದನೆ ಆಗಬೇಕು. ಪರಮಪ್ರಸಾದ ಹೆಚ್ಚಾಗಿ ಮೇ ತಿಂಗಳ ಒಂದು ಶನಿವಾರ. ಅದಕ್ಕೆ ಇಡೀ ವರ್ಷ ತಯಾರಿ. ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಬೇಕು, ಹಾಡು ಕಲಿಯಬೇಕು, ಪುಸ್ತಕದಲ್ಲಿ ಮನೆಯವರ ಜೊತೆ ಕೂತು ತುಂಬುವ ಪುಟಗಳೂ ಇರುತ್ತವೆ. ಸ್ಪೆಲ್ಲಿಂಗ್, ಮಗ್ಗಿಯ ಪಕ್ಕದಲ್ಲೇ ಇದನ್ನೂ ಡೈರಿಯಲ್ಲಿ ಬರೆದು ಕಳಿಸುತ್ತಾರೆ.

ನಮ್ಮ ಮಗಳು ಎಲ್ಲವನ್ನೂ ಮಾಡಿದಳು. ಕೊಟ್ಟ ಕೆಲಸ ಬಿಡಬಾರದು ಅನ್ನುವುದು ನಮ್ಮ ಮನೆಯ ಅಭ್ಯಾಸ. ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಪ್ರಾರ್ಥನೆ ಕಲಿತವಳು ಅವಳೇ. ಸಂಜೆ ಅಡುಗೆಮನೆಯಲ್ಲಿ ನಿಂತು ನನಗೆ ಒಪ್ಪಿಸುತ್ತಿದ್ದಳು. ನನಗೂ ಬರುತ್ತಿತ್ತು, ಜೊತೆಗೆ ಹೇಳುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದ ಕೊಡಗಿನ ಯಾವ ಮಗುವಿಗೆ "ಅವರ್ ಫಾದರ್" ಬರುವುದಿಲ್ಲ ಹೇಳು? ಅಸೆಂಬ್ಲಿಯಲ್ಲಿ ಕೈ ಮುಗಿದು ಹೇಳುತ್ತಿದ್ದೆವು, ಸಂಜೆ ಕುಲದ ಮೂಲ ಮನೆಯಾದ ಐನ್‌ಮನೆಯಲ್ಲಿ ದೀಪ ಹಚ್ಚಿ ಕುಲದ ಮೂಲಪುರುಷ ಗುರುಕಾರಣನಿಗೆ ಅಡ್ಡ ಬೀಳುತ್ತಿದ್ದೆವು. ಎರಡಕ್ಕೂ ಜಗಳವೇ ಇರಲಿಲ್ಲ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶದ ಕ್ಲಾಸಿಗೆ ಹೋಗುತ್ತಿದ್ದರು, ನಮಗೆ ಮಾರಲ್ ಸೈನ್ಸ್. ಅವರದ್ದು ಯಾವುದು, ನಮ್ಮದು ಯಾವುದು ಅನ್ನುವುದು ಟೈಮ್‌ಟೇಬಲ್ ನೋಡಿದರೇ ಗೊತ್ತಾಗುತ್ತಿತ್ತು.

ಇಲ್ಲಿ ಆ ಗೆರೆ ಮಗುವಿಗೆ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ಕ್ಲಾಸಿನ ಹುಡುಗಿಯರೆಲ್ಲ ಪರಮಪ್ರಸಾದದ ದಿನ ಹಾಕುವ ಬಿಳಿ ಡ್ರೆಸ್ಸಿನ ಮಾತು ಶುರು ಮಾಡಿದರು. ಯಾರ ಮನೆಯಲ್ಲಿ ಪಾರ್ಟಿ, ಯಾರಿಗೆ ಎಷ್ಟು ದುಡ್ಡು ಬರುತ್ತದೆ, ಅದೇ ಮಾತು. ನನ್ನ ಡ್ರೆಸ್ ತರಲು ಯಾವಾಗ ಹೋಗುವುದು ಅಂತ ಮಗಳು ಕೇಳಿದಳು. ದೀಕ್ಷಾಸ್ನಾನ ಆದವರಿಗೆ ಮಾತ್ರ ಅದು, ನಾವು ಕ್ಯಾಥೊಲಿಕ್ ಅಲ್ಲ ಅಂತ ಹೇಳಿದೆ. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. "ನಾನು ಎಲ್ಲಾ ಹೋಂವರ್ಕ್ ಮಾಡಿದ್ದೀನಲ್ಲ ಅಮ್ಮಾ?" ಅಂತ ಕೇಳಿದಳು, ಅಷ್ಟೇ.

ತಂಗಿ, ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಕೆಲಸ ಮಾಡಿದರೆ ಫಲ ಸಿಗುತ್ತದೆ ಅಂತ ನಾವೇ ಕಲಿಸಿದ್ದು. ಅವಳು ಪೂರ್ತಿ ಮಾಡಿದ್ದಳು. ಫಲ ಬೇರೆಯವರಿಗೆ ಅಂತ ಕೊನೆಗೆ ಗೊತ್ತಾಯಿತು. ಚರ್ಚಿನ ಮೇಲೆ ನನಗೆ ಕೋಪವಿಲ್ಲ. ಅದು ಅವರ ಸಂಸ್ಕಾರ, ಅದಕ್ಕೆ ಯಾರು ಬರಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ಟೀಚರ್ ಕೂಡ ಒಳ್ಳೆಯವರು. ಹಾಡುವ ಗುಂಪಿನಲ್ಲಿ ನಿಲ್ಲುತ್ತೀಯಾ ಅಂತ ಅವರಾಗಿಯೇ ಕೇಳಿದರು. ಇವಳು ಬೇಡ ಅಂದಳು. ಸೋಮವಾರ ಎಲ್ಲರಿಗೂ ಆ ದಿನದ ಬಗ್ಗೆ ಬರೆಯಲು ಕೊಟ್ಟಾಗ, ಇವಳಿಗೆ ನಿಮ್ಮ ಮನೆಯ ದೊಡ್ಡ ದಿನದ ಬಗ್ಗೆ ಬರೆ ಅಂದರಂತೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಬಗ್ಗೆ ಬರೆದಳು. ಬೆಳದಿಂಗಳಲ್ಲಿ ಗದ್ದೆಗೆ ಹೋಗುವುದು, ಕೋವಿ ಹಾರಿಸುವುದು, ಕದಿರು ತೆಗೆಯುವಾಗ "ಪೊಲಿ ಪೊಲಿ ದೇವಾ" ಅಂತ ಕೂಗುವುದು. ಆ ಕಾಪಿ ಇನ್ನೂ ನನ್ನ ಹತ್ತಿರ ಇದೆ.

ಆದರೂ ಅದಾದ ಮೇಲೆ ಅವಳು ಬದಲಾದಳು. ಯಾವ ಹೋಂವರ್ಕ್ ಬಂದರೂ "ಇದು ನನಗಾ, ಅವರಿಗಾ?" ಅಂತ ಮೊದಲು ಕೇಳುತ್ತಿದ್ದಳು. ಬಹಳ ದಿನ ಹಾಗೇ ಇತ್ತು. ಆರನೇ ಕ್ಲಾಸಿನಲ್ಲಿ ಕನ್ಫರ್ಮೇಶನ್ ಅನ್ನುವ ಚರ್ಚಿನ ಇನ್ನೊಂದು ಸಂಸ್ಕಾರದ ತಯಾರಿ ಬಂದಾಗ ಅವಳೇ ಟೀಚರ್ ಹತ್ತಿರ ಹೋಗಿ, ನಾನು ಆ ಹೊತ್ತಿನಲ್ಲಿ ಲೈಬ್ರರಿ ಪುಸ್ತಕ ಓದುತ್ತೇನೆ ಅಂತ ಹೇಳಿ ಬಂದಳು. ಒಂದು ಕಡೆ ಹೆಮ್ಮೆ ಆಯಿತು. ಇನ್ನೊಂದು ಕಡೆ, ಏಳು ವರ್ಷದ ಮಗು ಅಷ್ಟು ಪ್ರೀತಿಯಿಂದ ಕಲಿತದ್ದೆಲ್ಲ ನೆನಪಾಗಿ ಸಂಕಟವಾಯಿತು. ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆಗ ಇಲ್ಲಿ ನಮ್ಮವರು ಯಾರೂ ಇರಲಿಲ್ಲ.

ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ವಿಮಾನ ಹತ್ತುವ ಮೊದಲೇ ಮಗಳಿಗೆ ಹೇಳು. ನಮ್ಮ ಒಕ್ಕದ, ಅಂದರೆ ಕುಲದ, ಗುರುಕಾರಣನಿಗೆ ಎಡೆ ಇಡುವಾಗ ನೆರೆಯವರು ಬರುತ್ತಾರೆ, ಊಟ ಮಾಡುತ್ತಾರೆ, ಆದರೆ ಎಡೆ ಇಡುವುದು ಒಕ್ಕದವರು ಮಾತ್ರ. ಹಾಗೆಯೇ ಈ ವರ್ಷ ನಿನ್ನ ಗೆಳತಿಯರ ಮನೆಯ ಒಂದು ದೊಡ್ಡ ಕಾರ್ಯ ಇದೆ, ನೀನು ನೋಡಬಹುದು, ಹಾಡಬಹುದು, ಆದರೆ ಕಾರ್ಯ ಅವರದ್ದು ಅಂತ ಹೇಳು. ಕೊಡಗಿನ ಮಗುವಿಗೆ ಅದು ತಟ್ಟನೆ ಅರ್ಥವಾಗುತ್ತದೆ.

ಕ್ಲಾಸು ಶುರುವಾದ ವಾರದಲ್ಲೇ ಟೀಚರ್ ಹತ್ತಿರ ಹತ್ತು ನಿಮಿಷ ಕೇಳು. ನಾವು ಕ್ಯಾಥೊಲಿಕ್ ಅಲ್ಲ, ಮಗಳು ಪರಮಪ್ರಸಾದ ತೆಗೆದುಕೊಳ್ಳುವುದಿಲ್ಲ, ಯಾವ ಹೋಂವರ್ಕ್ ಮಾಡಿಸಬೇಕು, ಯಾವುದು ಬಿಡಬಹುದು ಅಂತ ನೇರವಾಗಿ ಕೇಳು. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕಥೆ ಪೂರ್ತಿ ಬಿಡಿಸಬೇಡ ಅನ್ನುವುದು ನನ್ನ ಅಭಿಪ್ರಾಯ. ಫೆಬ್ರವರಿ 1ಕ್ಕೆ ಸೇಂಟ್ ಬ್ರಿಜಿಡ್ ಶಿಲುಬೆಯನ್ನು ಜೊಂಡಿನಿಂದ ಹೆಣೆಯುತ್ತಾರೆ, ಮಾರ್ಚ್ 17ಕ್ಕೆ ಸೇಂಟ್ ಪ್ಯಾಟ್ರಿಕ್ ಮೆರವಣಿಗೆ ಇರುತ್ತದೆ. ಇವೆಲ್ಲ ಗೊತ್ತಿಲ್ಲದೆ ಈ ಊರು ಮಗುವಿಗೆ ತನ್ನದು ಅನ್ನಿಸುವುದಿಲ್ಲ. ಬಾಯಿಪಾಠದ ಪ್ರಾರ್ಥನೆ ಮಾತ್ರ ಬಿಡಿಸು. ಆ ಹತ್ತು ನಿಮಿಷಕ್ಕೆ ಕನ್ನಡ ಪುಸ್ತಕ ತೆಗೆಸು.

ಊರಿಗೆ ವಾಪಸ್ ಬಂದರೆ ಅನ್ನುವ ನಿನ್ನ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಲೆಕ್ಕದಲ್ಲಿ ಸ್ವಲ್ಪ ಹಿಂದೆ ಬೀಳಬಹುದು, ಆರು ತಿಂಗಳಲ್ಲಿ ಸರಿಯಾಗುತ್ತದೆ. ಕನ್ನಡ ಹೋದರೆ ಕಷ್ಟ. 2015ರ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಯಾವ ಬೋರ್ಡಿನ ಶಾಲೆಗೆ ಸೇರಿಸಿದರೂ ಕನ್ನಡ ಕಲಿಯಲೇಬೇಕು. ಶುಕ್ರವಾರ ಹೇಗೂ ಹೋಂವರ್ಕ್ ಇಲ್ಲವಲ್ಲ, ಅವತ್ತು ಒಂದು ಪುಟ ಕನ್ನಡ ಬರೆಸು. ಅಜ್ಜಿ ಜೊತೆ ಫೋನಿನಲ್ಲಿ ಕೊಡವ ತಕ್ಕ್ ಆಡಿಸು. ಮನೆ ಭಾಷೆ ಬಿಟ್ಟು ಇಂಗ್ಲಿಷ್ ಆಡಿ ಅಂತ ಇಲ್ಲಿನ ಟೀಚರ್‌ಗಳು ನಮಗೆ ಯಾವತ್ತೂ ಹೇಳಿಲ್ಲ. ಮನೆ ಭಾಷೆ ಬಿಡಬೇಡಿ ಅಂತಲೇ ಹೇಳಿದ್ದಾರೆ.

ಪಠ್ಯಪುಸ್ತಕ ಹೊತ್ತು ತರಬೇಡ, 2023ರಿಂದ ಪ್ರಾಥಮಿಕ ಶಾಲೆಯಲ್ಲಿ ಉಚಿತ. ಆ ಜಾಗಕ್ಕೆ ಒಂದನೇ, ಎರಡನೇ ತರಗತಿಯ ಕನ್ನಡ ಪುಸ್ತಕ, ನಾಲ್ಕು ಗೆರೆಯ ಕಾಪಿ ಹಾಕಿಕೊ. ಮಳೆ ಬಗ್ಗೆ ಕೊಡಗಿನವರಿಗೆ ನಾನೇನು ಹೇಳಲಿ. ಮೇ ತಿಂಗಳಲ್ಲಿ ಮಾತ್ರ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಮಕ್ಕಳು ಮಲಗುವುದಿಲ್ಲ, ಕಿಟಕಿಗೆ ದಪ್ಪ ಪರದೆ ಬೇಕು. ಟೀಚರ್‌ಗೆ ಬರೆಯುವ ಇಮೇಲ್ ಹೇಗಿರಬೇಕು ಅಂತ ತೋಚದಿದ್ದರೆ ನನಗೆ ಕಳಿಸು, ನೋಡಿ ತಿದ್ದಿ ಕೊಡುತ್ತೇನೆ.