ಬೈಕ್ ಓಡಿಸಬಹುದಾ ಎಂಬ ಅರ್ಧ ಪ್ರಶ್ನೆ

ಮಳೆಗಾಲ ಹತ್ತಿರ ಬರುವಾಗ ಆಪ್ತಸಲಹೆಗೆ ಅಂತ ನನ್ನಲ್ಲಿಗೆ ಒಂದು ಬಗೆಯ ಹುಡುಗರು ಬರುತ್ತಾರೆ. ಕೈಯೋ ಕಾಲೋ ಮುರಿದು ಕೂಡಿಕೊಂಡಿರುತ್ತದೆ. ಗುಡ್ಡ, ತೋಡು, ಕೆಸರು ಅಂತ ಬೈಕ್ ನುಗ್ಗಿಸುವ ಹುಚ್ಚು. ಆಫ್‌ರೋಡ್ ಅಂತ ಹೇಳುತ್ತಾರೆ. "ಮತ್ತೆ ಶುರು ಮಾಡ್ಬೇಕು ಮೇಡಂ, ಧೈರ್ಯ ಬರುದಿಲ್ಲ" ಅಂತ ಕೆಲವರು ತಾವಾಗಿಯೇ ಬರುತ್ತಾರೆ. ಕೆಲವರನ್ನು ಮನೆಯವರು ಎಳೆದುಕೊಂಡು ಬರುತ್ತಾರೆ, "ಇವನಿಗೆ ಸ್ವಲ್ಪ ಹೆದರಿಕೆ ಹುಟ್ಟಿಸಿ" ಅಂತ. ಎರಡೂ ನನ್ನ ಕೆಲಸ ಅಲ್ಲ. ಇದನ್ನು ಹೇಳಿ ಹೇಳಿ ಸಾಕಾಗಿದೆ. ಬರೆಯಲು ಇನ್ನೊಂದು ಕಾರಣವೂ ಇದೆ. ಈ ಪ್ರಕರಣದಲ್ಲಿ ಮೊದಲು ತಪ್ಪಿದ್ದು ನಾನೇ.

ಹುಡುಗನಿಗೆ ಮೂವತ್ತರ ಆಚೀಚೆ ವಯಸ್ಸು. ಮಂಗಳೂರಿನಲ್ಲಿ ಕೆಲಸ, ಮನೆಯಲ್ಲಿ ಅಮ್ಮ, ಹತ್ತಿರದಲ್ಲೇ ಅಕ್ಕ-ಭಾವ. ಇಷ್ಟು ಸಾಕು. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವನು ಓದಿ ಒಪ್ಪಿದ್ದಾನೆ. ಏಕವಚನವೂ ಅವನೇ ಕೇಳಿಕೊಂಡದ್ದು, "ನೀವು ಅಂದ್ರೆ ಬ್ಯಾಂಕಿನಲ್ಲಿ ಕೂತ ಹಾಗೆ ಆಗ್ತದೆ ಮೇಡಂ" ಅಂತ.

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಬೆಳ್ತಂಗಡಿ ಕಡೆಯ ಒಂದು ರಬ್ಬರ್ ತೋಟದ ದಾರಿಯಲ್ಲಿ ಬಿದ್ದಿದ್ದ. ಎಡಗಾಲಿನ ಮೊಣಕಾಲ ಕೆಳಗೆ ಎರಡೂ ಎಲುಬು ಮುರಿದು ರಾಡ್ ಹಾಕಿದ್ದರು. ನನ್ನ ಹತ್ತಿರ ಬಂದದ್ದು ಮುಂದಿನ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಆಫೀಸಿಗೆ ಬೈಕಿನಲ್ಲೇ ಹೋಗಿ ಬರುತ್ತಿದ್ದ. ಹೆದ್ದಾರಿಯಲ್ಲೂ ಏನೂ ತೊಂದರೆ ಇಲ್ಲ. ಆದರೆ ಡಾಮರು ಮುಗಿದು ಕೆಂಪು ಮಣ್ಣು ಶುರುವಾಗುವ ಜಾಗ ಬಂದರೆ ಕೈ ಬೆವರಿ, ಎದೆ ಬಡಿದು, ಬೈಕ್ ತಿರುಗಿಸಿಕೊಂಡು ಬರುತ್ತಿದ್ದ.

ಗೆಳೆಯರು ಕೆ.ಪಿ. ಅರವಿಂದ್ ಅವರ ಉದಾಹರಣೆ ಕೊಡುತ್ತಿದ್ದರಂತೆ. ನಮ್ಮ ಉಡುಪಿಯವರೇ, ಬೈಕ್ ರೇಸರ್. ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಾಕಾರ್ ರ‍್ಯಾಲಿಯನ್ನು ಎರಡು ಸಲ ಅರ್ಧದಲ್ಲೇ ಬಿಡಬೇಕಾಗಿ ಬಂದರೂ ಹಟ ಬಿಡದೆ 2019ರಲ್ಲಿ ಪೆರುವಿನಲ್ಲಿ 37ನೆಯವರಾಗಿ ಮುಗಿಸಿದವರು. "ಅವರು ಬಿದ್ದು ಎದ್ದು ಹೋಗ್ಲಿಲ್ವಾ, ನಿನಗೆಂಥ ಮಾರಾಯ" ಅನ್ನುವುದು ಗೆಳೆಯರ ಮಾತು. ಒಳ್ಳೆಯ ಉದಾಹರಣೆಯೇ. ಆದರೆ ಅಂಥವರ ಹಿಂದೆ ಒಂದು ತಂಡ ಇರುತ್ತದೆ. ಡಾಕಾರ್‌ನಲ್ಲಿ ಬಿದ್ದವರ ಹತ್ತಿರ ಹೆಲಿಕಾಪ್ಟರ್ ಇಳಿಯುತ್ತದೆ. ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು ಹೊರಡುವವನಿಗೆ ಆ ಹೋಲಿಕೆ ಕೊಡುವುದು ಧೈರ್ಯ ಹೇಳಿದಂತಲ್ಲ, ಅವಮಾನ ಮಾಡಿದಂತೆ.

ನಾನು ಏನು ಮಾಡಿದೆ? ಪುಸ್ತಕದಲ್ಲಿ ಇದ್ದದ್ದನ್ನೇ. ಹೆದರಿಕೆಯಿಂದ ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಅದರ ಹತ್ತಿರ ಹೋಗಬೇಕು. ಮೊದಲು ಕೆಸರಿನ ಫೋಟೋ ನೋಡುವುದು, ಆಮೇಲೆ ಕೊಯ್ಲಾದ ಗದ್ದೆಯಲ್ಲಿ ಒಂದು ಸುತ್ತು, ಆಮೇಲೆ ಮಟ್ಟವಾದ ಮಣ್ಣಿನ ದಾರಿ. ಈ ಕ್ರಮದಲ್ಲಿ ನನಗೆ ಇವತ್ತಿಗೂ ನಂಬಿಕೆ ಇದೆ. ಆದರೆ ನಾನು ಒಂದು ಮಾತು ಸೇರಿಸಿದ್ದೆ: "ಗೆಳೆಯರು ಬೇಡ, ಅವರು ಕಿಚಾಯಿಸ್ತಾರೆ. ಒಬ್ಬನೇ ಹೋಗು, ಯಾರೂ ನೋಡದ ಹಾಗೆ."

ಅವನು ಹೋದ. ಮೂರು ವಾರ ಹೋದ. ಫೋಟೋ, ಗದ್ದೆ ಎಲ್ಲ ಸಲೀಸಾಗಿ ಆಯಿತು. ಮಣ್ಣಿನ ದಾರಿಯ ಬಾಯಿಯಲ್ಲಿ ಮಾತ್ರ ಪ್ರತಿ ಸಲ ವಾಪಸು. ನಾನು ಟಿಪ್ಪಣಿ ಪುಸ್ತಕದಲ್ಲಿ "ಬೀಳುವ ಭಯ ತೀವ್ರ" ಅಂತ ಬರೆದಿಟ್ಟೆ.

ನಾಲ್ಕನೆಯ ಭೇಟಿ ಮೇ ಕೊನೆಯಲ್ಲಿ. ಸಂಜೆ ಐದು ಗಂಟೆ. ಸೆಖೆ ಅಂದರೆ ಸೆಖೆ. ಬಿದ್ದ ದಿನದ ಕತೆಯನ್ನು ಇನ್ನೊಮ್ಮೆ ಹೇಳಲು ಕೇಳಿದ್ದೆ. ಅವನದು ಯಾವಾಗಲೂ ಮೂರೇ ವಾಕ್ಯ. ಮುಂದಿನ ಚಕ್ರ ಜಾರಿತು. ಕಾಲು ಊರಲು ಹೋದೆ, ಬೈಕ್ ಕಾಲ ಮೇಲೆ ಬಿತ್ತು. ಆಸ್ಪತ್ರೆಗೆ ಹೋದೆವು. ಅದನ್ನೇ ಹೇಳುತ್ತಿರುವಾಗ ಹೊರಗೆ ಮಳೆ ಶುರುವಾಯಿತು. ನನ್ನ ಕೋಣೆಯ ಕಿಟಕಿಗೆ ಇರಿಚಲು ಹೊಡೆಯದ ಹಾಗೆ ಪ್ಲಾಸ್ಟಿಕ್ ಕಟ್ಟಿಸಿದ್ದೆ. ಅದರ ಮೇಲೆ ದಪ್ಪ ಹನಿ ಟಪ ಟಪ ಬೀಳತೊಡಗಿತು.

ಹುಡುಗ ಸುಮ್ಮನಾದ. ನಾನೂ ಸುಮ್ಮನೆ ಕೂತೆ. ತುಂಬ ಹೊತ್ತಿನ ಮೇಲೆ, "ಈ ಶಬ್ದ ಮೇಡಂ" ಅಂದ.

ರಬ್ಬರ್ ತೋಟ ನೋಡಿದವರಿಗೆ ಗೊತ್ತಿರುತ್ತದೆ. ಮಳೆಗಾಲದಲ್ಲೂ ಟ್ಯಾಪಿಂಗ್, ಅಂದರೆ ರಬ್ಬರ್ ಹಾಲು ತೆಗೆಯುವ ಕೆಲಸ, ನಡೆಯಬೇಕು ಅಂತ ಪ್ರತಿ ಮರದ ಸೊಂಟಕ್ಕೆ ಲಂಗದ ಹಾಗೆ ಪ್ಲಾಸ್ಟಿಕ್ ಕಟ್ಟುತ್ತಾರೆ. ನೂರಾರು ಮರ, ನೂರಾರು ಪ್ಲಾಸ್ಟಿಕ್, ಅದರ ಮೇಲೆ ಆಟಿಯ ಮಳೆ. ಅದರ ನಡುವೆ ಅವನು ನಲವತ್ತು ನಿಮಿಷ ಬಿದ್ದುಕೊಂಡಿದ್ದ. ಫೋನ್ ಟ್ಯಾಂಕಿನ ಮೇಲಿನ ಚೀಲದಲ್ಲಿ, ಕೈಗೆ ಸಿಗದಷ್ಟು ದೂರ. ಕೂಗಿದ. ಕೂಗು ತನಗೇ ಕೇಳುತ್ತಿರಲಿಲ್ಲವಂತೆ.

"ಕಾಲು ಮುರಿದದ್ದಕ್ಕೆ ನನಗೆ ಹೆದರಿಕೆ ಇಲ್ಲ ಮೇಡಂ. ಮುರಿದದ್ದು ಕೂಡ್ತದೆ. ಯಾರೂ ಬರ್ಲಿಲ್ಲ, ಅದು."

ಆಗ ನನಗೆ ಅವನ ಮೂರನೆಯ ವಾಕ್ಯ ನೆನಪಾಯಿತು. "ಹೋದೆವು" ಅಂದಿದ್ದನಲ್ಲ.

"ಗೆಳೆಯರು ಎಲ್ಲಿದ್ದರು?" ಅಂತ ಕೇಳಿದೆ.

"ಗೆಳೆಯರು ಇರ್ಲಿಲ್ಲ. ಒಬ್ಬನೇ ಹೋಗಿದ್ದೆ. ಮನೆಯಲ್ಲಿ ಇವತ್ತಿಗೂ ಗೊತ್ತಿಲ್ಲ."

ಒಬ್ಬನೇ ಹೋದೆ ಅಂದರೆ ಅಮ್ಮ ತಡೆದುಕೊಳ್ಳುವುದಿಲ್ಲ ಅಂತ, ಇಬ್ಬರು ಗೆಳೆಯರ ಜೊತೆ ಹೋಗಿದ್ದೆ ಅಂತ ಹೇಳಿಬಿಟ್ಟಿದ್ದ. ಗೆಳೆಯರೂ ಹೂಂ ಅಂದಿದ್ದರು. ಅಂದಿನಿಂದ ಅಮ್ಮನಿಗೆ ಆ ಇಬ್ಬರೂ ಶತ್ರುಗಳು. ಮನೆಗೆ ಬಂದರೆ ಒಂದು ಲೋಟ ನೀರು ಸಹ ಇಲ್ಲ. ಹೀಗಾಗಿ ಅವರ ಜೊತೆ ಹೋಗುವ ಹಾಗಿಲ್ಲ. ಒಬ್ಬನೇ ಹೋಗಲು ಮೈ ಒಪ್ಪುವುದಿಲ್ಲ. ಇಂಥವನನ್ನು ನಾನು ಮೂರು ವಾರ ಒಬ್ಬನನ್ನೇ ಕಳುಹಿಸಿದ್ದೆ. ಅವನ ಮೈ ಸರಿಯಾದ್ದನ್ನೇ ಹೇಳುತ್ತಿತ್ತು. ಅದನ್ನು ನಾನು ರೋಗ ಅಂತ ಬರೆದುಕೊಂಡಿದ್ದೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅವನನ್ನು ಕಂಡದ್ದು ಒಬ್ಬ ಟ್ಯಾಪಿಂಗ್ ಕೆಲಸದವನು. ಪಕ್ಕದ ತೋಟಕ್ಕೆ ಓಡಿ ಅಡಿಕೆ ಹಾಳೆ ತಂದು, ಕಾಲಿಗೆ ಸುತ್ತಿ, ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ಕಟ್ಟಿದ. ಇಂಥ ಮನುಷ್ಯನ ಸುದ್ದಿಯೂ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಳ್ಳಿನ ಕತೆಯಲ್ಲಿ ಅವನಿಗೆ ಜಾಗ ಇರಲಿಲ್ಲ.

ನಾನು ಕೊಟ್ಟ ಸಲಹೆಯ ಮೊದಲ ಮಾತು ಬೈಕಿನದಲ್ಲ. ಅಮ್ಮನಿಗೆ ನಿಜ ಹೇಳು ಅಂದೆ. ಇದು ನೀತಿಪಾಠ ಅಲ್ಲ, ಪೂರಾ ವ್ಯವಹಾರದ ಮಾತು. ಕಚ್ಚಾ ದಾರಿಯಲ್ಲಿ ಹೋಗುವವನು ಎಲ್ಲಿಗೆ ಹೋಗುತ್ತಾನೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಅಂತ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಹೇಳಲಾಗದ ಮನೆಯಿಂದ ಹೊರಟವನು ಒಬ್ಬನೇ ಬೀಳುತ್ತಾನೆ.

ಎರಡನೆಯದು ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆ. "ಡಾಕ್ಟ್ರು ಓಡಿಸ್ಬಹುದು ಅಂದಿದ್ದಾರೆ" ಅಂತ ಅವನು ಮೊದಲ ದಿನವೇ ಹೇಳಿದ್ದ. "ನೀನು ಏನು ಕೇಳಿದೆ?" ಅಂತ ಈಗ ಕೇಳಿದೆ. "ಬೈಕ್ ಓಡಿಸ್ಬಹುದಾ ಅಂತ." ಪಾಪ, ಡಾಕ್ಟರು ಆಫೀಸಿಗೆ ಹೋಗುವ ಬೈಕ್ ಅಂದುಕೊಂಡಿದ್ದಾರೆ! ಇದು ಒಬ್ಬನ ಕತೆ ಅಲ್ಲ. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ಹೀಗೆ ಅರ್ಧ ಪ್ರಶ್ನೆ ಕೇಳಿ ಪೂರ್ತಿ ಉತ್ತರ ಅಂತ ಹಿಡಿದುಕೊಂಡು ಬರುತ್ತಾರೆ. ಕೇಳಬೇಕಾದ್ದು ಹೀಗೆ: ಕಾಲಿಡುವ ಫುಟ್‌ಪೆಗ್ ಮೇಲೆ ಎದ್ದು ನಿಂತು ಓಡಿಸುತ್ತೇನೆ, ಬೈಕ್ ವಾಲಿದಾಗ ಆ ಕಾಲೇ ಊರಬೇಕಾಗುತ್ತದೆ, ಬಿದ್ದರೆ ಬೈಕಿನ ಭಾರ ಅದರ ಮೇಲೇ ಬರುತ್ತದೆ. ಒಳಗೆ ರಾಡ್ ಇರುವ ಎಲುಬು ಇದಕ್ಕೆ ತಯಾರಾ? ಅವನದು 200 ಸಿಸಿ ಎಕ್ಸ್‌ಪಲ್ಸ್, ಸೀಟೇ 820 ಮಿ.ಮೀ.ಗಿಂತ ಎತ್ತರ. ಹುಡುಗ ಅಷ್ಟೇನೂ ಎತ್ತರ ಇಲ್ಲ. ಪೂರ್ತಿ ಪ್ರಶ್ನೆ ಕೇಳಿದಾಗ ಡಾಕ್ಟರು ಇನ್ನೊಂದು ಎಕ್ಸ್‌ರೇ ತೆಗೆಸಿದರು. ಫಿಸಿಯೋಥೆರಪಿಯವರು ಟೇಪ್ ಹಿಡಿದು ಅಳೆದರೆ ಎಡ ತೊಡೆ ಬಲಕ್ಕಿಂತ ಎರಡು ಇಂಚು ಸಣ್ಣ. ಎಲುಬು ಕೂಡಿದರೂ ಸ್ನಾಯು ಹಿಂದೆ ಬಿದ್ದಿತ್ತು. ಒಂಟಿ ಕಾಲಲ್ಲಿ ನಿಲ್ಲುವುದು, ಅರ್ಧ ಬಸ್ಕಿ, ಮೆಟ್ಟಿಲು, ಇದೆಲ್ಲ ಇನ್ನೂ ಕೆಲವು ತಿಂಗಳು ಅಂತಾಯಿತು.

ಮೂರನೆಯದರಲ್ಲಿ ಮಾತ್ರ ನಾನು ಹಟ ಹಿಡಿದೆ. ಅಕ್ಟೋಬರ್ ತನಕ ಮಣ್ಣಿಗೆ ಇಳಿಯಬೇಡ ಅಂದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಬರಿಗಾಲಲ್ಲಿ ನಡೆಯುವವರೇ ಜಾರುತ್ತಾರೆ. ತೋಡು ಬೆಳಿಗ್ಗೆ ಇದ್ದ ಹಾಗೆ ಮಧ್ಯಾಹ್ನ ಇರುವುದಿಲ್ಲ. ತರಚಿದ ಗಾಯಕ್ಕೆ ಕೆಸರು ನೀರು ತಾಗಿದರೆ ಇಲಿ ಜ್ವರದ ಹೆದರಿಕೆ ಬೇರೆ. ಬಿದ್ದ ಮೇಲೆ ಜ್ವರ ಬಂದರೆ ಸುಸ್ತಿನ ಜ್ವರ ಅಂತ ಮನೆಯಲ್ಲಿ ಕೂರಬಾರದು, ಕೆಸರಿನಲ್ಲಿ ಇದ್ದೆ ಅಂತ ಡಾಕ್ಟರಿಗೆ ಹೇಳಬೇಕು. ಹಾಗಂತ ಬೇಸಗೆ ಸುಲಭ ಅಂತಲ್ಲ. ನಮ್ಮ ಕರಾವಳಿಯ ಹವೆಯಲ್ಲಿ ಬೆವರು ಆರುವುದೇ ಇಲ್ಲ. ಮೊಣಕಾಲು ಗಾರ್ಡ್, ಎದೆ ಗಾರ್ಡ್, ಉದ್ದ ಬೂಟು ಹಾಕಿಕೊಂಡು ಒಂದು ಗಂಟೆ ಓಡಿಸಿದರೆ ತಲೆ ತಿರುಗುತ್ತದೆ. ಸೆಖೆ ಅಂತ ಗಾರ್ಡ್ ಬಿಚ್ಚಿಡುವವರೇ ಜಾಸ್ತಿ. ನನ್ನ ಹುಡುಗ ಬಿದ್ದ ದಿನ ಕಾಲಿಗೆ ಹಾಕಿದ್ದು ಕ್ಯಾನ್ವಾಸ್ ಶೂ. ಗಾರ್ಡ್ ಬಿಚ್ಚುವುದಲ್ಲ, ಓಡಿಸುವ ಹೊತ್ತು ಕಡಿಮೆ ಮಾಡುವುದು, ಬೆಳಿಗ್ಗೆ ಒಂಬತ್ತರೊಳಗೆ ಮುಗಿಸುವುದು, ಓಆರ್‌ಎಸ್ ಕಟ್ಟಿಕೊಳ್ಳುವುದು. ಫೋನ್ ಚೀಲದಲ್ಲಿ ಅಲ್ಲ, ಮೈಮೇಲೆ. ಜೊತೆಗೆ ಕಡಿಮೆ ಅಂದರೆ ಇಬ್ಬರು. ಒಬ್ಬ ಬಿದ್ದವನ ಹತ್ತಿರ ಇರಬೇಕು, ಇನ್ನೊಬ್ಬ ಸಿಗ್ನಲ್ ಸಿಗುವ ಕಡೆ ಹೋಗಿ 108ಕ್ಕೆ ಫೋನ್ ಮಾಡಬೇಕು. ಕಾಡಿನ ದಾರಿ ಬೇಡವೇ ಬೇಡ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿಗೆ ನುಗ್ಗುವುದು ತಪ್ಪು ಕೂಡ.

ಇದನ್ನೆಲ್ಲ ಹೇಳಿದ್ದಕ್ಕೆ ಭಾವನವರಿಂದ ಫೋನ್ ಬಂತು. "ನೀವು ಬೈಕ್ ಬಿಡಿಸ್ತೀರಿ ಅಂತ ಕಳ್ಸಿದ್ರೆ ಓಡಿಸ್ಲಿಕ್ಕೆ ಕಲಿಸ್ತಾ ಇದ್ದೀರಂತೆ?" ನನ್ನ ಜೊತೆ ಕೆಲಸ ಮಾಡುವ ಒಬ್ಬರೂ ಅದನ್ನೇ ಸ್ವಲ್ಪ ಮೆತ್ತಗೆ ಹೇಳಿದರು, ನಾಳೆ ಹೆಚ್ಚುಕಡಿಮೆ ಆದರೆ ನಿಮ್ಮ ತಲೆಗೆ ಬರುತ್ತದೆ ಅಂತ. ಬರಬಹುದು. ಆದರೆ ಈ ಹುಡುಗನಿಗೆ "ಬೇಡ" ಅಂತ ಹೇಳಿದವರು ಮೊದಲೂ ಇದ್ದರು. ಬೇಡ ಅಂದದ್ದರಿಂದ ಅವನು ಬಿಡಲಿಲ್ಲ, ಹೇಳದೆ ಹೋದ. ನಾನೂ ಬೇಡ ಅಂದರೆ ನನಗೂ ಹೇಳದೆ ಹೋಗುತ್ತಾನೆ, ಅಷ್ಟೇ ಅಲ್ವಾ? ಅಮ್ಮನ ಜಾಗದಲ್ಲಿ ಅಮ್ಮ ಇದ್ದಾರೆ. ಇನ್ನೊಬ್ಬರು ಅಮ್ಮ ಆಗಲು ನಾನು ಫೀಸು ತೆಗೆದುಕೊಳ್ಳುವುದಿಲ್ಲ. ಬಿಟ್ಟುಬಿಡುತ್ತೇನೆ ಅಂತ ಅವನೇ ಬಂದಿದ್ದರೆ ಅದಕ್ಕೂ ಅಷ್ಟೇ ಸಂತೋಷದಿಂದ ಕೂರುತ್ತಿದ್ದೆ. ಬೈಕ್ ಮಾರಿದವರು ಸೋತವರು ಅಂತ ನಾನು ಯಾವತ್ತೂ ತಿಳಿದಿಲ್ಲ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಈ ಹುಡುಗನಿಗೆ ನಿದ್ದೆ ಚೆನ್ನಾಗಿತ್ತು, ಕೆಲಸ ನಡೆಯುತ್ತಿತ್ತು. ಅಪಘಾತ ಆಗಿ ಒಂದು ತಿಂಗಳು ಕಳೆದರೂ ಅದೇ ದೃಶ್ಯ ಕಣ್ಣೆದುರು ಬರುತ್ತಿದ್ದರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಮನೆಯಿಂದ ಹೊರಗೆ ಹೋಗಲೇ ಆಗದಿದ್ದರೆ ಮನೋವೈದ್ಯರನ್ನು ನೋಡಬೇಕು. ಎಲ್ಲಿ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೂ ಮಾತಾಡಬಹುದು.

ಅಮ್ಮನ ವಿಷಯಕ್ಕೆ ಬರುತ್ತೇನೆ. ಮಗ ಬೈಕ್ ಬಿಟ್ಟರೆ ಕಟೀಲು ಮೇಳದ ಒಂದು ಯಕ್ಷಗಾನ ಆಟ ಆಡಿಸುತ್ತೇನೆ ಅಂತ ಅವರು ಹರಕೆ ಹೇಳಿಕೊಂಡಿದ್ದರು. ಆಟದ ಬುಕ್ಕಿಂಗ್ ಸಿಗಲು ವರ್ಷಗಟ್ಟಲೆ ಕಾಯಬೇಕು. ಅಷ್ಟರೊಳಗೆ ಏನಾದರೂ ಒಂದು ದಾರಿ ಆದೀತು ಅಂತ ನಾನೂ ಹುಡುಗನೂ ತಮಾಷೆ ಮಾಡಿದ್ದುಂಟು. ನಿಜ ಹೇಳಿದ ದಿನ ಅವರು ಮಾತೇ ಆಡಲಿಲ್ಲವಂತೆ. ಎರಡು ದಿನ ಬಡಿಸಿಟ್ಟು ಒಳಗೆ ಹೋದರು. ಮೂರನೆಯ ದಿನ ಕೇಳಿದ್ದು ಒಂದೇ ಪ್ರಶ್ನೆ: "ಹಾಳೆ ಕಟ್ಟಿದವನ ಹೆಸರೆಂಥ?"

ಹುಡುಗನಿಗೆ ಗೊತ್ತಿರಲಿಲ್ಲ. ಅಮ್ಮನೇ ಅವನನ್ನು ಹೊರಡಿಸಿ, ಬಸ್ಸಿನಲ್ಲಿ, ಬಾಳೆಹಣ್ಣು ಮತ್ತು ಒಂದು ಲುಂಗಿ ಕಟ್ಟಿಕೊಂಡು ಆ ತೋಟಕ್ಕೆ ಹೋದರು. ಆ ಮನುಷ್ಯ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಹೆಸರು ಮಾತ್ರ ಸಿಕ್ಕಿತು. ಬಿದ್ದ ಜಾಗ ಯಾವುದು ಅಂತ ಅಮ್ಮ ತೋರಿಸಿಕೊಂಡರು.

ಅಕ್ಟೋಬರ್ ಕೊನೆಯಲ್ಲಿ ಆ ಇಬ್ಬರು ಗೆಳೆಯರ ಜೊತೆ ಮೂಡುಬಿದಿರೆ ಕಡೆ, ಪರಿಚಯದವರ ತೋಟದ ಮಟ್ಟವಾದ ದಾರಿಯಲ್ಲಿ ಓಡಿಸಿದ. ಮೊದಲು ನಡೆದು ನೋಡಿದರು, ಆಮೇಲೆ ಬೈಕ್. ಅರ್ಧ ಗಂಟೆ. ಆಮೇಲೆ ಮೂರು ಸಲ ಹೋಗಿದ್ದಾನೆ. ಒಂದು ಸಲ ಮೋಡ ಕಟ್ಟಿತು ಅಂತ ಡಾಮರು ಮುಗಿದಲ್ಲಿಂದಲೇ ಮೂವರೂ ವಾಪಸು ಬಂದು ನೀರುದೋಸೆ ತಿಂದರಂತೆ. ಅಮ್ಮ ಹರಕೆಯನ್ನೇನೂ ಹಿಂದೆ ತೆಗೆದುಕೊಂಡಿಲ್ಲ. ಗೆಳೆಯರಿಗೆ ಚಾ ಕೊಡುತ್ತಾರೆ, ಮಾತು ಇನ್ನೂ ಇಲ್ಲ. ಹೋದ ವಾರ ಬಂದಾಗ ಬೈಕಿನ ಮಾತು ಬರಲೇ ಇಲ್ಲ. ಎಡ ತೊಡೆ ಇನ್ನೂ ಅರ್ಧ ಇಂಚು ಸಣ್ಣ ಉಂಟು ಅಂತ ಹೇಳಿ, ಮೆಟ್ಟಿಲು ಇಳಿದು ಹೋದ.