ಸೀಸವಿಲ್ಲದ ಸೀಸದ ಕಡ್ಡಿ

ಓದುಗರ ಪತ್ರ

ಹಾವೇರಿ ಜಿಲ್ಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ನಮ್ಮ ಶಾಲೆಯಲ್ಲಿ ಕಥೆ ಪುಸ್ತಕಗಳನ್ನು ಹಾಳೆ ಕಿತ್ತುಬರುವಷ್ಟು ಓದುತ್ತಾರೆ. ಮಾಹಿತಿ ಪುಸ್ತಕಗಳನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೇ ನಾವು ಮೂವರು ಶಿಕ್ಷಕರು ಸೇರಿ ‘ನೂರು ವಿಸ್ಮಯಗಳು’ ಎಂಬ ಪುಸ್ತಕ ಮಾಡಬೇಕೆಂದಿದ್ದೇವೆ. ಇತಿಹಾಸದ್ದು, ದಿನಬಳಕೆಯ ವಸ್ತುಗಳದ್ದು, ಪುಟಕ್ಕೆ ಮೂರು ಸಂಗತಿ. ಐದು, ಆರನೇ ತರಗತಿಯವರಿಗೆ. ಹತ್ತು ಮಾದರಿ ಕಳಿಸಿದ್ದೇವೆ, ಎಲ್ಲೆಲ್ಲಿ ತಿದ್ದಬೇಕು ಹೇಳಿ.”

ಸಂಪಾದಕರ ಉತ್ತರ

ನಮಸ್ಕಾರ ಮೇಡಂ. ಹತ್ತೂ ಮಾದರಿ ಓದಿದೆವು. ನೇರವಾಗಿಯೇ ಹೇಳುತ್ತೇವೆ: ನೂರು ಬೇಡ, ಒಂದು ಸಾಕು. ‘ಪೆನ್ಸಿಲಿನಲ್ಲಿ ಸೀಸ ಇರುವುದಿಲ್ಲ’ ಎಂದು ನಾಲ್ಕನೆಯ ಮಾದರಿಯಲ್ಲಿ ಒಂದೇ ಸಾಲು ಬರೆದು ಬಿಟ್ಟಿದ್ದೀರಿ. ಪುಸ್ತಕ ಇರುವುದು ಅಲ್ಲೇ.

ಒಂಟಿ ಸಾಲಿನ ವಿಸ್ಮಯ ಓದಿದ ಮಗು ‘ಹೌದಾ!’ ಅನ್ನುತ್ತದೆ, ಪುಟ ತಿರುವುತ್ತದೆ, ಸಂಜೆಯೊಳಗೆ ಮರೆಯುತ್ತದೆ. ‘ಸೀಸ ಇಲ್ಲ ಅಂದಮೇಲೆ ನಮ್ಮಜ್ಜ ಯಾಕೆ ಸೀಸದ ಕಡ್ಡಿ ಅಂತಾರೆ?’ ಎಂದು ಕೇಳಿದರೆ ಉತ್ತರ ಆ ಪುಟದಲ್ಲಿರುವುದಿಲ್ಲ. ಆ ಉತ್ತರದಿಂದಲೇ ಶುರುಮಾಡಿ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬೊರೊಡೇಲ್ ಎಂಬ ಕಣಿವೆಯಲ್ಲಿ ಕಪ್ಪಗೆ ಹೊಳೆಯುವ, ಕೈಗೆ ಮಸಿ ಹತ್ತುವ ಖನಿಜ ಸಿಕ್ಕಿತು. ಅಪ್ಪಟ ಗ್ರಾಫೈಟ್. ಜನ ಅದನ್ನು ಸೀಸದ ಜಾತಿಯದೆಂದೇ ತಿಳಿದು ‘ಕರಿ ಸೀಸ’ ಎಂದು ಕರೆದರು. ಅದು ಇಂಗಾಲದ ಒಂದು ರೂಪ ಎಂದು ಗೊತ್ತಾಗಿ, ‘ಬರೆಯುವುದು’ ಎಂಬ ಅರ್ಥದ ಗ್ರೀಕ್ ಮಾತಿನಿಂದ ಗ್ರಾಫೈಟ್ ಎಂಬ ಹೆಸರು ಬಿದ್ದದ್ದು 1789ರಲ್ಲಿ. ಅಷ್ಟರೊಳಗೆ ಹಳೆಯ ತಪ್ಪು ಹೆಸರು ಬೇರೂರಿತ್ತು, ಕನ್ನಡದ ಸೀಸದ ಕಡ್ಡಿಯವರೆಗೂ ಬಂತು.

ಇಲ್ಲಿ ಮಕ್ಕಳು ಕಿವಿ ನಿಮಿರಿಸುವ ಸಂಗತಿ ಇನ್ನೊಂದಿದೆ: ಕಳ್ಳರು. ತೋಪಿನ ಗುಂಡು ಎರಕ ಹೊಯ್ಯುವ ಅಚ್ಚುಗಳ ಒಳಮೈಗೆ ಈ ಗ್ರಾಫೈಟ್ ಬಳಿಯುತ್ತಿದ್ದರು, ಹಾಗಾಗಿ ಬೆಲೆ ಬಲು ದುಬಾರಿ. ಗಣಿಯಿಂದ ಕದಿಯುವವರು ಹೆಚ್ಚಿ, 1752ರಲ್ಲಿ ಅದನ್ನು ತಡೆಯಲೆಂದೇ ಬ್ರಿಟಿಷ್ ಸಂಸತ್ತು ಕಾಯಿದೆ ತಂದಿತು. ಮುಂದೆ 1793ರಲ್ಲಿ ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ ಹತ್ತಿತು, ಫ್ರಾನ್ಸಿಗೆ ಒಳ್ಳೆಯ ಗ್ರಾಫೈಟ್ ಬರುವುದು ನಿಂತಿತು. ಆಗ ನಿಕೊಲಾ ಜಾಕ್ ಕಾಂಟೆ ಎಂಬಾತ ಕಳಪೆ ಗ್ರಾಫೈಟನ್ನು ಪುಡಿಮಾಡಿ ಜೇಡಿಮಣ್ಣಿನ ಜೊತೆ ಕಲಸಿ, ಕಡ್ಡಿ ಮಾಡಿ ಸುಟ್ಟ. 1795ರಲ್ಲಿ ಪೇಟೆಂಟ್ ಪಡೆದ. ಇವತ್ತು ನಿಮ್ಮ ತರಗತಿಯಲ್ಲಿರುವ ಪೆನ್ಸಿಲುಗಳೆಲ್ಲ ಆ ವಿಧಾನದ ಮಕ್ಕಳೇ.

ತಯಾರಿಕೆಯ ಪುಟಗಳಲ್ಲಿ ಅಡುಗೆಮನೆಯ, ಕುಂಬಾರನ ಮಾತು ಬಳಸಿ. ಗ್ರಾಫೈಟ್ ಪುಡಿ, ಜೇಡಿ, ನೀರು ಸೇರಿಸಿ ನುಣ್ಣಗೆ ಅರೆಯುತ್ತಾರೆ. ಶಾವಿಗೆ ಒತ್ತಿದ ಹಾಗೆ ಒತ್ತಿ ಎಳೆ ತೆಗೆಯುತ್ತಾರೆ. ಒಣಗಿಸಿ, ಮಡಕೆಯನ್ನು ಆವಿಗೆಯಲ್ಲಿ ಸುಟ್ಟಂತೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಡುತ್ತಾರೆ. ಬರೆಯುವಾಗ ಜಾರಲೆಂದು ಮೇಣದಲ್ಲಿ ಅದ್ದುತ್ತಾರೆ. ಜೇಡಿ ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ತೆಳು: ಅದು ಎಚ್. ಗ್ರಾಫೈಟ್ ಹೆಚ್ಚಾದರೆ ಮೆತ್ತಗೆ, ಗೆರೆ ಕಪ್ಪು: ಅದು ಬಿ. ‘ಕಡ್ಡಿಯನ್ನು ಮರದೊಳಗೆ ತೂರಿಸುವುದು ಹೇಗೆ?’ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ತೂರಿಸುವುದೇ ಇಲ್ಲ. ತೆಳುಹಲಗೆಯಲ್ಲಿ ಉದ್ದಕ್ಕೆ ತೋಡು ಕೊರೆದು ಕಡ್ಡಿಗಳನ್ನು ಮಲಗಿಸಿ, ಮೇಲೆ ಅಂಥದೇ ಇನ್ನೊಂದು ಹಲಗೆ ಅಂಟಿಸಿ, ಆಮೇಲೆ ಬಿಡಿಬಿಡಿಯಾಗಿ ಸೀಳುತ್ತಾರೆ. ಬಣ್ಣ ಮುಚ್ಚಿರದ ತುದಿಯನ್ನು ದಿಟ್ಟಿಸಿದರೆ ಎರಡು ಹಲಗೆ ಕೂಡಿದ ಗೆರೆ ಕಾಣುತ್ತದೆ. ‘ಈಗಲೇ ನಿನ್ನ ಪೆನ್ಸಿಲ್ ತೆಗೆದು ನೋಡು’ ಎಂದು ಬರೆಯಿರಿ. ಕೆಳಗೆ ಬಿದ್ದ ಪೆನ್ಸಿಲ್ ಆಮೇಲೆ ಚೂಪು ಮಾಡಿದಷ್ಟೂ ಮುರಿಯುವುದೇಕೆ ಎಂಬುದನ್ನೂ ಇಲ್ಲೇ ಹೇಳಿ: ಮರಕ್ಕೆ ಏನೂ ಆಗಿರುವುದಿಲ್ಲ, ಒಳಗಿನ ಕಡ್ಡಿ ಹಲವು ಕಡೆ ಬಿರಿದಿರುತ್ತದೆ. ನಮ್ಮ ದೇಶದ ಪೆನ್ಸಿಲ್ ಕಾರ್ಖಾನೆಗಳಿಗೆ ಕಾಶ್ಮೀರದ ಪುಲ್ವಾಮಾ ಜಿಲ್ಲೆಯಿಂದ ಪೋಪ್ಲರ್ ಮರದ ತೆಳುಹಲಗೆ ಬರುತ್ತದೆ, ಆ ನಕ್ಷೆಗೂ ಒಂದು ಪುಟ ಕೊಡಿ.

ಇನ್ನು ಎರಡು ಮಾದರಿಗಳನ್ನು ಕೈಬಿಡಲೇಬೇಕು. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುವುದಿಲ್ಲ. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ. ಗೋಡೆಯ ಅಗಲ ಐದಾರು ಮೀಟರ್. ನಾಲ್ಕು ಕಿಲೋಮೀಟರ್ ಆಚೆಯ ಒಂದು ತಲೆಗೂದಲನ್ನು ಬರಿಗಣ್ಣಿನಲ್ಲಿ ನೋಡಿದ ಹಾಗಾಯಿತು. ಎರಡನೆಯದು, ಬಾಹ್ಯಾಕಾಶದಲ್ಲಿ ಬರೆಯುವ ಪೆನ್ನಿಗೆ ಅಮೆರಿಕ ಕೋಟಿಗಟ್ಟಲೆ ಸುರಿಯಿತು, ರಷ್ಯನ್ನರು ಪೆನ್ಸಿಲ್ ಒಯ್ದರು ಎಂಬುದು. ವಾಟ್ಸ್ಯಾಪಿನಲ್ಲಿ ಬಹಳ ಓಡಾಡಿದೆ, ನಿಜವಲ್ಲ. ಮೊದಲು ಅಮೆರಿಕದವರೂ ಪೆನ್ಸಿಲನ್ನೇ ಒಯ್ಯುತ್ತಿದ್ದರು. ನಾಸಾ 1965ರಲ್ಲಿ ಕೊಂಡ ಮೆಕ್ಯಾನಿಕಲ್ ಪೆನ್ಸಿಲುಗಳಿಗೆ ಒಂದಕ್ಕೆ 128 ಡಾಲರಿಗೂ ಮೇಲೆ ಬಿದ್ದು ಗಲಾಟೆಯಾಯಿತು. ಪೆನ್ನನ್ನು ತಯಾರಿಸಿದವನು ಪಾಲ್ ಫಿಶರ್, ಖರ್ಚೆಲ್ಲ ಅವನ ಕಂಪನಿಯದು. ಆಮೇಲೆ ಸೋವಿಯತ್ ಒಕ್ಕೂಟವೂ ಅದೇ ಪೆನ್ನು ಕೊಂಡಿತು. ಯಾಕೆಂದರೆ ಮುರಿದ ಪೆನ್ಸಿಲಿನ ಮೊನೆ ಅಲ್ಲಿ ಕೆಳಗೆ ಬೀಳುವುದಿಲ್ಲ, ತೇಲುತ್ತದೆ. ಗ್ರಾಫೈಟಿನಲ್ಲಿ ವಿದ್ಯುತ್ ಹರಿಯುತ್ತದೆ, ಯಂತ್ರದೊಳಗೆ ಹೊಕ್ಕರೆ ಶಾರ್ಟ್ ಸರ್ಕ್ಯೂಟ್. ಮರಕ್ಕೆ ಬೆಂಕಿ ಹತ್ತುವ ಭಯ. ಸುಳ್ಳು ಕಥೆಗಿಂತ ಇದೇ ಎಷ್ಟು ರುಚಿಯಾಗಿದೆ ನೋಡಿ! ಮಕ್ಕಳಿಗೆ ಒಗ್ಗರಣೆ ಹಾಕಿ ಬಡಿಸಬೇಕೆಂಬ ಆತುರ ನಿಮ್ಮ ಹಸ್ತಪ್ರತಿಯಲ್ಲಿ ಅಲ್ಲಲ್ಲಿ ಕಾಣುತ್ತದೆ, ಬಿಟ್ಟುಬಿಡಿ. ಪ್ರತಿ ಸಾಲಿನ ಪಕ್ಕ ಅಂಚಿನಲ್ಲಿ ‘ಯಾರು, ಯಾವಾಗ, ಹೇಗೆ ಗೊತ್ತು’ ಎಂದು ಬರೆದುಕೊಳ್ಳಿ. ಮೂರಕ್ಕೂ ಉತ್ತರ ಸಿಗದ ಸಾಲನ್ನು ಹೊಡೆದುಹಾಕಿ.

ವಿದ್ಯುತ್ ಹರಿಯುವುದನ್ನು ಮಕ್ಕಳೇ ಮಾಡಿ ನೋಡಲಿ. ಏಳೆಂಟು ಸೆಂಟಿಮೀಟರಿನ ಪೆನ್ಸಿಲ್ ತುಂಡನ್ನು ಎರಡೂ ಕಡೆ ಚೂಪು ಮಾಡಬೇಕು. ಒಂದೂವರೆ ವೋಲ್ಟಿನ ಎರಡು ಹೊಸ ಸೆಲ್ಲುಗಳನ್ನು ಒಂದರ ಹಿಂದೊಂದು ಇಟ್ಟು ಟೇಪು ಸುತ್ತಿ. ಪ್ಲಸ್ ತುದಿಯಿಂದ ವೈರು ಪೆನ್ಸಿಲಿನ ಒಂದು ಮೊನೆಗೆ, ಇನ್ನೊಂದು ಮೊನೆಯಿಂದ ಬಿಳಿ ಎಲ್‌ಇಡಿಯ ಉದ್ದ ಕಾಲಿಗೆ, ಗಿಡ್ಡ ಕಾಲಿನಿಂದ ಮೈನಸ್ಸಿಗೆ. ಸಣ್ಣಗೆ ಬೆಳಗುತ್ತದೆ. ಬೆಳಗದಿದ್ದರೆ ಎಲ್‌ಇಡಿ ತಿರುಗುಮುರುಗಾಗಿದೆ, ಇಲ್ಲವೇ ವೈರು ಮೊನೆಗೆ ತಾಗದೆ ಮರಕ್ಕೆ ತಾಗಿದೆ, ಇಲ್ಲವೇ ಒಳಗಿನ ಕಡ್ಡಿ ಮುರಿದಿದೆ. ಒಂಬತ್ತು ವೋಲ್ಟಿನ ಬ್ಯಾಟರಿ ಬೇಡ, ಎಲ್‌ಇಡಿ ಸುಟ್ಟುಹೋಗುತ್ತದೆ. ಗೋಡೆಯ ಪ್ಲಗ್ಗಿನ ಹತ್ತಿರ ಇದನ್ನು ಒಯ್ಯಲೇಬಾರದು ಎಂಬ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿ.

ಮುದ್ರಣದ ಲೆಕ್ಕ. ಒಂದು ದೊಡ್ಡ ಹಾಳೆ ಮಡಚಿದರೆ ಸಾಮಾನ್ಯವಾಗಿ 16 ಪುಟ, ಆದ್ದರಿಂದ 32 ಪುಟ ಇಟ್ಟುಕೊಳ್ಳಿ; 30 ಎಂದರೆ ಕಾಗದ ದಂಡ, ನಡುವೆ ಪಿನ್ ಹೊಡೆಯುವುದೂ ಆಗದು. ಶೀರ್ಷಿಕೆ, ಮುದ್ರಣ ವಿವರ ಕಳೆದರೆ 14 ಜೋಡಿಪುಟ ಸಿಗುತ್ತದೆ. ಜೋಡಿಪುಟಕ್ಕೆ 80ರಿಂದ 100 ಪದ ಸಾಕು. ಅಕ್ಷರ 14 ಪಾಯಿಂಟ್, ಸಾಲಿನ ಅಂತರ 20ಕ್ಕೆ ಕಡಿಮೆ ಬೇಡ. ಇಂಗ್ಲಿಷ್ ಪುಸ್ತಕದ ಅಳತೆ ನೋಡಿ ಸಾಲು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ, ಚಿಕ್ಕ ಓದುಗರು ಅಲ್ಲೇ ಎಡವುತ್ತಾರೆ. ಚಿತ್ರಕಾರರ ಕೈಗೆ ನಿಜವಾದ ಪೆನ್ಸಿಲನ್ನು ಉದ್ದಕ್ಕೆ ಸೀಳಿ ಕೊಡಿ. ಆರು ಮೂಲೆಯ ಪೆನ್ಸಿಲಿಗೆ ಐದೇ ಮೂಲೆ ಬಿಡಿಸಿದರೆ ಮೊದಲು ಕಂಡುಹಿಡಿಯುವವರು ಮಕ್ಕಳೇ.

ಹಸ್ತಪ್ರತಿಯನ್ನು ಐದಾರು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಕಿಟಕಿಯತ್ತ ನೋಡಿದ ಕಡೆ ಒಂದು ಗುರುತು, ಪ್ರಶ್ನೆ ಕೇಳಿದ ಕಡೆ ಇನ್ನೊಂದು ಗುರುತು.

ಎರಡನೆಯ ಪುಸ್ತಕದ ವಸ್ತು ನಿಮ್ಮ ಜಿಲ್ಲೆಯಲ್ಲೇ ಕೆಂಪಗೆ ಒಣಗುತ್ತಿದೆ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕೂ ಮುಂಚೆ ಕನ್ನಡದಲ್ಲಿ ಮೆಣಸು ಎಂದರೆ ಕಾಳುಮೆಣಸು. ಹೊಸ ಕಾಯಿಗೆ ಹಳೆಯ ಖಾರದ ಹೆಸರೇ ಅಂಟಿತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಬೇರ್ಪಡಿಸಿ ತಿನಿಸುಗಳಿಗೆ ಬಳಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಿತು. ಮಾರುಕಟ್ಟೆಗೆ ಮಕ್ಕಳನ್ನು ಕರೆದೊಯ್ದರೆ ಅರ್ಧ ಪುಸ್ತಕ ಅವರೇ ಬರೆಸುತ್ತಾರೆ.

ಮೊದಲು ಪೆನ್ಸಿಲ್ ಮುಗಿಸಿ. ನಾಲ್ಕು ಜೋಡಿಪುಟ ಆದಾಗ, ಚಿತ್ರ ಬಿಡಿಸುವುದಕ್ಕೆ ಮುಂಚೆಯೇ ನಮಗೆ ಕಳಿಸಿಕೊಡಿ. ಚಿತ್ರ ಬಂದಮೇಲೆ ಒಂದು ಸಾಲು ತಿದ್ದಿದರೂ ಇಡೀ ಪುಟ ಮತ್ತೆ ಕಟ್ಟಬೇಕಾಗುತ್ತದೆ.