ಮಳೆಗಾಲಕ್ಕೆ ಇಪ್ಪತ್ತು ಕ್ಯಾಸೆಟ್

ಪ್ರಶ್ನೆ: ಮೇಡಂ, ನಮ್ಮದು ಸೋಮವಾರಪೇಟೆ ಹತ್ತಿರದ ಊರು. ಅಟ್ಟದ ಮೇಲೆ ಹಳೇ ಟಿವಿ ಗೇಮ್, ಜೊತೆಗೆ ಇಪ್ಪತ್ತು ಕ್ಯಾಸೆಟ್ ಸಿಕ್ಕಿವೆ. ಚಿಕ್ಕವನಿದ್ದಾಗ ಒಂದನ್ನೂ ಕೊನೆವರೆಗೆ ಆಡಿರಲಿಲ್ಲ. ಈ ಮಳೆಗಾಲದಲ್ಲಿ ಎಲ್ಲ ಮುಗಿಸುವ ಆಸೆ. ಆದರೆ ಅರ್ಧದಷ್ಟು ಕ್ಯಾಸೆಟ್ ಓಡುತ್ತಲೇ ಇಲ್ಲ, ಏನು ಮಾಡಲಿ?

ಉತ್ತರ: ಮೊದಲು ಕ್ಯಾಸೆಟ್‌ಗೆ ಬಾಯಿಂದ ಊದುವುದನ್ನು ಬಿಡಿ. ನಾವೆಲ್ಲ ಊದಿದವರೇ, ಆದರೆ ಬಾಯಿಯ ತೇವ ತಗುಲಿ ಕ್ಯಾಸೆಟ್‌ನ ಲೋಹದ ಪಿನ್ನು ಹಾಳಾಗುತ್ತದೆ, ಕೊಡಗಿನ ಮಳೆಯಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ಇದನ್ನು ಕೇಳಬೇಕಾ. ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಪಿನ್ನುಗಳನ್ನು ಮೆಲ್ಲಗೆ ಉಜ್ಜಿ. ಕಡ್ಡಿ ಕಪ್ಪಾಗುತ್ತದೆ. ಬೇರೆ ತಗೊಂಡು, ಅದು ಬೆಳ್ಳಗೇ ಉಳಿಯುವವರೆಗೆ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಆಡಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಇಪ್ಪತ್ತನ್ನೂ ಒಟ್ಟಿಗೆ ಹಿಡಿಯಬೇಡಿ, ಒಂದು ಮುಗಿದ ಮೇಲೆ ಇನ್ನೊಂದು. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ 32 ಹಂತ ಇವೆ, ಆಡಿದಷ್ಟನ್ನು ಸೇವ್ ಮಾಡಿ ಇಡಲು ಆಗಲ್ಲ, ಕರೆಂಟ್ ಹೋದರೆ ಮತ್ತೆ ಮೊದಲಿಂದ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಕರೆಂಟಿನ ಕಥೆ ನಿಮಗೇ ಗೊತ್ತಲ್ವಾ? ಆಗ 1-2ರ (ಮೊದಲ ಲೋಕದ ಎರಡನೇ ಹಂತದ) ಕೊನೆಯಲ್ಲಿ ಚಾವಣಿ ಮೇಲೆ ಹತ್ತಿ ಓಡಿ, ಸೀದಾ 4ನೇ ಲೋಕಕ್ಕೆ ಹೋಗುವ ಪೈಪ್ ಸಿಗುತ್ತದೆ. ಕಾಂಟ್ರಾ ಆಟದ ಕ್ಯಾಸೆಟ್ ಇದ್ದರೆ ಶುರುವಿನ ಪರದೆಯಲ್ಲೇ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ ಸ್ಟಾರ್ಟ್ ಮಾಡಿದರೆ 30 ಜೀವ. ನನ್ನ ಪ್ರಕಾರ ಇದು ಮೋಸ ಅಲ್ಲ. ಉದ್ದದ ಆಟಗಳನ್ನು ಮಳೆ ಕಡಿಮೆಯಾದ ಮೇಲೆ ಹಿಡಿಯಿರಿ, ಸುಗ್ಗಿ ಹಬ್ಬ ಹುತ್ತರಿ ತನಕ ಟೈಮ್ ಇದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತುಬಿಡಿ.